ಮಧ್ಯಾಹ್ನ ಮೂರರ ಮೇಲೆ ಕರೆಯಿರಿ: ಅಂಗವಿಕಲತೆ ಅಳೆಯುವ ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ

ಜಿಲ್ಲೆ ಜಿಲ್ಲೆಯ ವೈದ್ಯಕೀಯ ಮಂಡಳಿಗಳಲ್ಲಿ ಕೂತು ನಮಗೆ ಪರ್ಸೆಂಟೇಜ್ ಹಾಕುವ ಎಲ್ಲ ಡಾಕ್ಟರುಗಳಿಗೆ,

ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಟೀಚರು. ಅಂಕ ಹಾಕುವ ಕಷ್ಟ ನನಗೂ ಗೊತ್ತು. ಪ್ರತಿ ವರ್ಷ ಪೇಪರ್ ವ್ಯಾಲ್ಯುಯೇಷನ್ನಿಗೆ ಹೋದಾಗ ನಮಗೆ ಒಂದು ಮಾತು ಹೇಳುತ್ತಾರೆ: ಕೊನೇ ಸಾಲಿನ ಉತ್ತರ ಮಾತ್ರ ನೋಡಬೇಡಿ, ನಡುವಿನ ಸ್ಟೆಪ್ಪುಗಳನ್ನೂ ನೋಡಿ ಅಂತ. 2024ರ ಮಾರ್ಚಿನಲ್ಲಿ ನಿಮ್ಮಂಥದೇ ಒಂದು ಮಂಡಳಿ ನನಗೆ 35 ಹಾಕಿತು. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಾದರೆ 35 ಅಂದರೆ ಪಾಸು. ನಿಮ್ಮಲ್ಲಿ ಅದು ಫೇಲು, ಯಾಕಂದರೆ ನಿಮ್ಮಲ್ಲಿ ಪಾಸಾಗೋಕೆ 40 ಬೇಕು.

ಊರಿನ ಹೆಸರು, ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ನನ್ನ ಹಾಗೆ ಬೆನ್ನುಹುರಿಯ ಗಡ್ಡೆ ತೆಗೆಸಿಕೊಂಡ ಮೂರ್ನಾಲ್ಕು ಜನರ ಪರಿಚಯ ಇದೆ, ಬೇರೆ ಬೇರೆ ಕಡೆಯವರು. ಅವರ ಕತೆಯೂ ಹೆಚ್ಚುಕಡಿಮೆ ಇದೇ. ಹಾಗಾಗಿ ಓದುವ ಡಾಕ್ಟರು ಯಾರೇ ಆಗಲಿ, ಅವತ್ತು ಕುರ್ಚಿಯಲ್ಲಿ ಕೂತವರು ನೀವೇ ಅಂತ ಇಟ್ಟುಕೊಂಡು ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಕೋಣೆಯಲ್ಲಿ ನಾನಿದ್ದದ್ದು ಹೆಚ್ಚೆಂದರೆ ನಾಲ್ಕು ನಿಮಿಷ. ಹೊರಗೆ ಅರವತ್ತು ಜನ ಕಾಯುತ್ತಿದ್ದರು. ಒಂದು ಮಗುವನ್ನು ತಾಯಿ ಕಂಕುಳಲ್ಲಿ ಎತ್ತಿಕೊಂಡೇ ಎರಡು ಗಂಟೆ ನಿಂತಿದ್ದಳು. ನಿಮಗೂ ಅವಸರ ಇತ್ತು, ಒಪ್ಪುತ್ತೇನೆ. ಬಾಗಿಲಲ್ಲಿದ್ದವರು ಚಪ್ಪಲಿ ಹೊರಗೆ ಬಿಡಿ ಅಂದರು. ಬಿಟ್ಟು ಒಳಗೆ ಬಂದೆ. ಮಂಚದ ಮೇಲೆ ಮಲಗಿಸಿ, ನಾನು ಕಾಲು ತಳ್ಳುತ್ತೇನೆ, ನೀವು ತಡೆಯಿರಿ ಅಂದಿರಿ. ತಡೆದೆ. "ಪವರ್ ಫೋರ್ ಪ್ಲಸ್" ಅಂತ ಪಕ್ಕದವರಿಗೆ ಹೇಳಿದಿರಿ, ಅವರು ಬರೆದುಕೊಂಡರು. ಅಂದರೆ ಕಾಲಿನ ಬಲಕ್ಕೆ ಐದಕ್ಕೆ ನಾಲ್ಕರ ಮೇಲೆ. ಗೋಡೆ ತನಕ ಹೋಗಿ ಬನ್ನಿ ಅಂದಿರಿ. ಹೋಗೋಕೆ ಐದು ಹೆಜ್ಜೆ, ಬರೋಕೆ ಐದು ಹೆಜ್ಜೆ. ಆಗ ಬೆಳಗಿನ ಹತ್ತೂವರೆ. ತಲೆ ಮೇಲೆ ಟ್ಯೂಬ್‌ಲೈಟು, ಕೆಳಗೆ ಸಮತಟ್ಟಾದ ಟೈಲ್ಸು, ನನ್ನ ಕಣ್ಣು ನನ್ನ ಪಾದದ ಮೇಲೆ. "ಚೆನ್ನಾಗೇ ನಡೀತೀರಲ್ಲಮ್ಮ!" ಅಂದಿರಿ. ಖುಷಿಯಿಂದಲೇ ಅಂದಿರಿ.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಆರೇಳು ನಿಮಿಷದ ದಾರಿ. ಬೆಂಚಿನ ಮೇಲೆ ಕೂತು ಕಾಲು ನೋಡಿಕೊಂಡರೆ ಅದು ನನ್ನ ಚಪ್ಪಲಿಯೇ ಅಲ್ಲ! ಬಣ್ಣ ಅದೇ ಕಂದು, ಆದರೆ ಎರಡು ನಂಬರ್ ದೊಡ್ಡದು. ಹಿಮ್ಮಡಿ ಹಿಂದೆ ಎರಡು ಬೆರಳು ಜಾಗ ಖಾಲಿ. ಬೇರೆ ಯಾರಿಗಾದರೂ ಕಾಲಿಟ್ಟ ಕ್ಷಣವೇ ಗೊತ್ತಾಗುತ್ತಿತ್ತು. ನನಗೆ ಕಣ್ಣಿಂದ ನೋಡುವ ತನಕ ಗೊತ್ತಾಗಲಿಲ್ಲ. ವಾಪಸ್ ಹೋಗೋಣ ಅಂದರೆ ಬಸ್ಸು ಬಂದುಬಿಟ್ಟಿತು.

ನನ್ನ ಕಾಯಿಲೆ ಶುರುವಾದದ್ದೂ ಚಪ್ಪಲಿಯಿಂದಲೇ. 2017ರಲ್ಲಿ ಒಂದು ದಿನ ಸ್ಕೂಲ್ ಗೇಟಿನ ಹತ್ತಿರ ಎಂಟನೇ ಕ್ಲಾಸಿನ ಹುಡುಗ ಓಡಿಬಂದು "ಮಿಸ್, ನಿಮ್ಮ ಚಪ್ಪಲಿ" ಅಂತ ಒಂದು ಚಪ್ಪಲಿ ಕೈಗೆ ಕೊಟ್ಟ. ಅದು ಕಳಚಿಬಿದ್ದು ಹದಿನೈದು ಮಾರು ಹಿಂದಾಗಿತ್ತು. ನಕ್ಕು ಸುಮ್ಮನಾದೆ. ಆಮೇಲೆ ಹೊಟ್ಟೆಯ ಸುತ್ತ ಒಂದು ಬಿಗಿತ ಶುರುವಾಯಿತು. ಲಂಗದ ಲಾಡಿಯನ್ನು ಯಾರೋ ಹಿಂದಿನಿಂದ ಎಳೆದು ಎಳೆದು ಕಟ್ಟಿದ ಹಾಗೆ. ಅದಕ್ಕೆ ಗ್ಯಾಸಿನ ಮಾತ್ರೆ ಕೊಟ್ಟರು. ಕಾಲಿನ ಜೋಮಿಗೆ ಬಿ12 ಇಂಜೆಕ್ಷನ್ನು. ಸೊಂಟದ ಎಕ್ಸ್‌ರೇ ತೆಗೆದು ಸಯಾಟಿಕಾ ಅಂದರು. ಎರಡು ವರ್ಷ ಹೀಗೇ ಹೋಯಿತು. ಬೆಂಗಳೂರಿನಲ್ಲಿ ಒಬ್ಬರು ನರರೋಗದ ಡಾಕ್ಟರು ಮಾತ್ರ ಮೊದಲನೇ ಪ್ರಶ್ನೆಯೇ ಇದು ಕೇಳಿದರು: "ಚಪ್ಪಲಿ ಗೊತ್ತಿಲ್ಲದ ಹಾಗೆ ಬಿದ್ದುಹೋಗುತ್ತಾ? ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ವಾಲುತ್ತೀರಾ?" ಎರಡಕ್ಕೂ ಹೌದು ಅಂದೆ. ಅವತ್ತೇ ಎಂಆರ್‌ಐ ಬರೆದುಕೊಟ್ಟರು. ಎದೆಯ ಹಿಂಭಾಗದಲ್ಲಿ, ಎಂಟನೇ ಮೂಳೆಯಿಂದ ಹತ್ತನೇ ಮೂಳೆ ತನಕ, ಬೆನ್ನುಹುರಿಯ ಒಳಗೇ ಗಡ್ಡೆ. ಹೆಸರು ಎಪೆಂಡಿಮೋಮಾ. ದೊಡ್ಡವರಲ್ಲಿ ಬೆನ್ನುಹುರಿಯ ಒಳಗೆ ಬೆಳೆಯುವ ಗಡ್ಡೆಗಳಲ್ಲಿ ಇದೇ ಜಾಸ್ತಿಯಂತೆ. ನಿಧಾನವಾಗಿ ಬೆಳೆಯುವ ಜಾತಿ. ಪೂರ್ತಿ ತೆಗೆದರೆ ಮತ್ತೆ ಬರುವ ಸಾಧ್ಯತೆ ಕಡಿಮೆ ಅಂದರು.

2019ರಲ್ಲಿ ಆಪರೇಷನ್ ಆಯಿತು. ಪೂರ್ತಿ ತೆಗೆದರು. ಆ ಸರ್ಜನ್ನರ ಬಗ್ಗೆ ನನಗೆ ಇವತ್ತಿಗೂ ಕೈ ಮುಗಿಯುವಷ್ಟು ಗೌರವ ಇದೆ. ಬೆನ್ನುಹುರಿ ಅಂದರೆ ಕಿರುಬೆರಳಿನ ದಪ್ಪದ್ದು. ಅದರೊಳಗಿಂದ ಗಡ್ಡೆ ಬಿಡಿಸುವುದು ಅಂದರೆ ಏನು ಕೆಲಸ! ನರದಲ್ಲಿ ಸಂದೇಶ ಓಡಾಡುತ್ತಿದೆಯೋ ಇಲ್ಲವೋ ಅಂತ ಮಷಿನ್ನಿನಲ್ಲಿ ನೋಡಿಕೊಳ್ಳುತ್ತಾ ಗಂಟೆಗಟ್ಟಲೆ ಮಾಡಿದರು.

ಆದರೆ ಒಳಗೆ ಹೋಗೋಕೆ ದಾರಿ ಬೇಕಲ್ಲ. ಗಡ್ಡೆ ಕೂತಿರುವುದು ಹುರಿಯ ಮಧ್ಯದಲ್ಲಿ. ಬೆನ್ನಿನ ಕಡೆಯಿಂದ, ನಟ್ಟನಡುವೆ ಗೀರಿ, ಹುರಿಯನ್ನು ಎರಡು ಹೋಳು ಮಾಡಿದ ಹಾಗೆ ಬಿಡಿಸಬೇಕು. ಆ ಹಿಂಭಾಗದಲ್ಲೇ ಇರುವುದು ಕಾಲು ಎಲ್ಲಿದೆ, ಮಂಡಿ ಎಷ್ಟು ಮಡಿಸಿದೆ, ಪಾದ ನೆಲಕ್ಕೆ ತಾಗಿತೋ ಇಲ್ಲವೋ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ನರಗಳು. ಕಾಲಿಗೆ ಶಕ್ತಿ ಕೊಡುವ ನರಗಳ ಜಾಗ ಬೇರೆ, ಅವು ಪಕ್ಕದಲ್ಲಿವೆ. ಹಾಗಾಗಿ ನನ್ನಂಥವರಲ್ಲಿ ಬಲ ಉಳಿದುಕೊಳ್ಳುತ್ತದೆ, ಸುದ್ದಿ ಹೋಗಿಬಿಡುತ್ತದೆ. ಕೈಕಾಲಿನ ನರ ತುಂಡಾದರೆ ಮೆಲ್ಲಗೆ ಬೆಳೆದು ಕೂಡಿಕೊಳ್ಳಬಹುದು. ಬೆನ್ನುಹುರಿಯ ನರ ಹಾಗೆ ಬೆಳೆಯುವುದಿಲ್ಲ. ಸುಧಾರಣೆ ಆಗುವುದೆಲ್ಲ ಹೆಚ್ಚಾಗಿ ಮೊದಲ ವರ್ಷದಲ್ಲೇ. ನನಗೆ ಆರು ವರ್ಷ ಆಯಿತು.

ಈಗ ನಿಮ್ಮ ನಾಲ್ಕು ನಿಮಿಷ ನೆನಪು ಮಾಡಿಕೊಳ್ಳಿ. ನೀವು ಅಳೆದದ್ದು ಬಲ. ನನ್ನಲ್ಲಿ ಉಳಿದಿರುವುದೂ ಅದೊಂದೇ.

ಕಣ್ಣು ಮುಚ್ಚಿಸಿ ನಿಲ್ಲಿಸಿದ್ದರೆ ಸಾಕಿತ್ತು. ಎರಡು ಪಾದ ಜೋಡಿಸಿ, ಕಣ್ಣು ಮುಚ್ಚಿ, ಹತ್ತು ಎಣಿಸಿ. ಅದಕ್ಕೆ ರೋಂಬರ್ಗ್ ಪರೀಕ್ಷೆ ಅಂತ ಹೆಸರಿದೆ, ನೀವೇ ಎಂಬಿಬಿಎಸ್‌ನಲ್ಲಿ ಓದಿರುತ್ತೀರಿ. ಮೂರು ಎಣಿಸುವಷ್ಟರಲ್ಲಿ ನಾನು ನಿಮ್ಮ ಮೇಜಿನ ಮೇಲೆ ಬೀಳುತ್ತಿದ್ದೆ. ಮನೆಯಲ್ಲಿ ರಾತ್ರಿ ಕರೆಂಟ್ ಹೋದರೆ ನಾನು ಇದ್ದ ಜಾಗದಲ್ಲೇ ಗೋಡೆ ಹಿಡಿದು ನಿಲ್ಲುತ್ತೇನೆ. ಮಗಳು ಟಾರ್ಚ್ ತರುವ ತನಕ ಅಲ್ಲಾಡುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ತಲೆಗೆ ನೀರು ಹಾಕಿಕೊಳ್ಳುವಾಗ ಸ್ಟೂಲಿನ ಮೇಲೆ ಕೂತೇ ಹಾಕಿಕೊಳ್ಳಬೇಕು, ಯಾಕಂದರೆ ಸೋಪು ಕಣ್ಣಿಗೆ ಬಂದಾಗ ಕಣ್ಣು ಮುಚ್ಚಲೇಬೇಕಲ್ಲ. ಮೊದಲ ವರ್ಷ ಹಂಡೆಯ ನೀರು ಬಿಸಿ ಜಾಸ್ತಿಯಾಗಿ ಪಾದ ಸುಟ್ಟುಕೊಂಡೆ. ಗುಳ್ಳೆ ಎದ್ದ ಮೇಲೆ, ಅದೂ ಮಾರನೇ ದಿನ, ನೋಡಿದ್ದು. ಈಗ ಮೊದಲು ಮೊಣಕೈ ಅದ್ದಿ ನೋಡುತ್ತೇನೆ, ಎಳೆ ಮಗುವಿಗೆ ಎರೆಯುವಾಗ ನೋಡುತ್ತೇವಲ್ಲ, ಹಾಗೆ.

ಬಿಸಿ ಗೊತ್ತಾಗದ ಅದೇ ಕಾಲಿಗೆ ಬಟ್ಟೆ ತಾಗಿದರೆ ಉರಿ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ರೇಷ್ಮೆ ಸೀರೆಯ ಜರಿ ಅಂಚು ಕಣಕಾಲಿಗೆ ಸವರಿದರೆ ಮೆಣಸಿನಪುಡಿ ಹಚ್ಚಿದ ಹಾಗಾಗುತ್ತದೆ. ತಂಗಿಯ ಮಗಳ ಮದುವೆಗೆ ಹತ್ತಿಯ ಚೂಡಿದಾರ ಹಾಕಿಕೊಂಡು ಹೋದೆ ಅಂತ ನಮ್ಮ ಅತ್ತಿಗೆ ಇನ್ನೂ ಆಡಿಕೊಳ್ಳುತ್ತಾರೆ. ಇದು ನರದ್ದೇ ನೋವು. ಗಾಯ ಇಲ್ಲ, ಊತ ಇಲ್ಲ, ಸುದ್ದಿ ಸಾಗಿಸುವ ತಂತಿಯೇ ಕೆಟ್ಟು ಸುಳ್ಳು ಸುದ್ದಿ ಕಳಿಸುತ್ತಿರುತ್ತದೆ. ಪ್ಯಾರಾಸಿಟಮಾಲ್ ಇದರ ಹತ್ತಿರಕ್ಕೂ ಬರುವುದಿಲ್ಲ. ಪ್ರಿಗಾಬಾಲಿನ್ ತೆಗೆದುಕೊಳ್ಳುತ್ತೇನೆ. ಉರಿ ಅರ್ಧ ಕಡಿಮೆಯಾಗುತ್ತದೆ, ತಲೆ ಮಂಕಾಗುತ್ತದೆ. ಬೋರ್ಡಿನ ಮೇಲೆ ಪ್ರಮೇಯ ಬರೆಯುತ್ತಾ ನಡುವೆ ಯಾವ ಸ್ಟೆಪ್ಪಿನಲ್ಲಿದ್ದೆ ಅಂತ ಮರೆತು ನಿಂತದ್ದಿದೆ. ಮಕ್ಕಳೇ ಹೇಳಿಕೊಡುತ್ತಾರೆ, ಪಾಪ.

ಸಂಜೆಯಾಗುತ್ತಿದ್ದ ಹಾಗೆ ಕಾಲು ಮರದ ಕೊರಡಿನ ಹಾಗೆ ಸೆಟೆದುಕೊಳ್ಳುತ್ತದೆ. ಅದಕ್ಕೆ ಬ್ಯಾಕ್ಲೋಫೆನ್. ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಅದು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಅಪಾಯ, ಫಿಟ್ಸ್ ಬರಬಹುದು ಅಂತ ಯಾರೂ ನನಗೆ ಮೊದಲು ಹೇಳಿರಲಿಲ್ಲ. ಸ್ಟಾಕ್ ಇಲ್ಲ ಅಂತ ನಾಲ್ಕು ದಿನ ಬಿಟ್ಟಾಗ ಆದ ಅವಾಂತರದಿಂದ ಕಲಿತೆ. ಈಗ ಒಂದು ತಿಂಗಳ ಮಾತ್ರೆ ಅಕ್ಕಿ ಡಬ್ಬದ ಪಕ್ಕ ಯಾವಾಗಲೂ ಇರುತ್ತದೆ.

ಇನ್ನು ಒಂದಕ್ಕೆ ಹೋಗುವ ವಿಷಯ. ಇದನ್ನು ಬಹಿರಂಗವಾಗಿ ಬರೆಯಬೇಡ ಅಂತ ನಮ್ಮ ಮನೆಯವರು ಹೇಳಿದರು. ಬರೆಯುತ್ತೇನೆ. ನೀವು ಕೇಳಿದ್ದರೆ ನಿಮ್ಮ ಕೋಣೆಯಲ್ಲೇ, ಬಾಗಿಲು ಹಾಕಿಕೊಂಡು ಹೇಳಿ ಮುಗಿಸುತ್ತಿದ್ದೆ.

ನನಗೆ ಒಂದಕ್ಕೆ ಬಂದದ್ದು ಗೊತ್ತಾಗುವುದಿಲ್ಲ. ಹೋಗಿ ಬಂದರೂ ಪೂರ್ತಿ ಖಾಲಿಯಾಗುವುದಿಲ್ಲ. ಮುಗಿಯಿತು ಅಂದುಕೊಂಡು ಸ್ಕ್ಯಾನಿಂಗ್ ಮಂಚದ ಮೇಲೆ ಮಲಗಿದರೆ ಒಳಗೆ ಇನ್ನೂ 300 ಎಂ.ಎಲ್. ಉಳಿದಿತ್ತು. ಹಾಗೇ ಬಿಟ್ಟರೆ ಸೋಂಕು, ಆಮೇಲೆ ಕಿಡ್ನಿಗೆ ಪೆಟ್ಟು. ಅದಕ್ಕೆ ನಾಲ್ಕು ಗಂಟೆಗೊಮ್ಮೆ ನಾನೇ ಒಂದು ಸಣ್ಣ ನಳಿಕೆ ಹಾಕಿಕೊಂಡು ಖಾಲಿ ಮಾಡಬೇಕು. ಕ್ಯಾತಿಟರ್ ಅಂತಾರೆ. 1972ರಲ್ಲಿ ಜ್ಯಾಕ್ ಲ್ಯಾಪಿಡೀಸ್ ಅನ್ನುವ ಅಮೆರಿಕದ ಡಾಕ್ಟರು ಇದಕ್ಕೆ ಆಪರೇಷನ್ ಥಿಯೇಟರಿನ ಮಡಿ ಬೇಕಾಗಿಲ್ಲ, ಸೋಪಿನಲ್ಲಿ ಕೈ ತೊಳೆದು ಶುದ್ಧವಾಗಿ ಮಾಡಿಕೊಂಡರೆ ಸಾಕು ಅಂತ ತೋರಿಸಿಕೊಟ್ಟರಂತೆ. ಆ ಪುಣ್ಯಾತ್ಮನಿಂದ ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ನನಗೆ ಕಲಿಸಿದ್ದು ಆಸ್ಪತ್ರೆಯ ಒಬ್ಬ ಸಿಸ್ಟರ್. ಡಿಸ್ಚಾರ್ಜ್ ಆಗುವ ಹಿಂದಿನ ರಾತ್ರಿ, ಅವರ ಡ್ಯೂಟಿ ಮುಗಿದ ಮೇಲೆ, ಒಂದು ಕನ್ನಡಿ ಹಿಡಿದುಕೊಂಡು ಮುಕ್ಕಾಲು ಗಂಟೆ ಕೂತು ಹೇಳಿಕೊಟ್ಟರು. ಮೊದಲ ಸಲ ಕೈ ನಡುಗಿ ಅತ್ತುಬಿಟ್ಟೆ. "ಅಕ್ಕಾ, ಸ್ಕೂಟಿ ಕಲಿಯುವಾಗಲೂ ಅತ್ತಿದ್ರಾ?" ಅಂದರು. ನಗು ಬಂತು. ಎರಡನೇ ಸಲ ಸರಿಹೋಯಿತು.

ಸ್ಕೂಲಿನಲ್ಲಿ ಆ ನಳಿಕೆ, ಜೆಲ್ಲಿ, ಕನ್ನಡಿ ಮಗಳ ಹಳೇ ಪೆನ್ಸಿಲ್ ಪೌಚಿನಲ್ಲಿರುತ್ತವೆ. ಪೌಚಿನ ಮೇಲೆ ಬೆಕ್ಕಿನ ಚಿತ್ರ. ಒಂದು ಸಲ ಒಂಬತ್ತನೇ ಕ್ಲಾಸಿನ ಹುಡುಗಿ "ಮಿಸ್, ಕೈವಾರ ಇದೆಯಾ?" ಅಂತ ಅದಕ್ಕೇ ಕೈ ಹಾಕಿದ್ದಳು! ಮೂರನೇ ಪೀರಿಯಡ್ ಮುಗಿದ ಕೂಡಲೇ ನಾನು ಕಟ್ಟಡದ ಹಿಂದಕ್ಕೆ ಹೋಗಬೇಕು. ಅಲ್ಲಿದ್ದದ್ದು ಕುಕ್ಕರುಗಾಲಲ್ಲಿ ಕೂರುವ ಟಾಯ್ಲೆಟ್. ನಾನು ಹಾಗೆ ಕೂತರೆ ಹಿಮ್ಮಡಿ ತಾನೇ ತಾನಾಗಿ ಕುಣಿಯೋಕೆ ಶುರು ಮಾಡುತ್ತದೆ, ಹೊಲಿಗೆ ಮಷಿನ್ ತುಳಿದ ಹಾಗೆ, ನಿಲ್ಲಿಸೋಕೆ ಆಗುವುದಿಲ್ಲ. ಹಾಗಾಗಿ ನನ್ನ ದುಡ್ಡಲ್ಲೇ ಒಂದು ಕಮೋಡ್ ಹಾಕಿಸಿಕೊಂಡೆ. ಆಗಿನ ಹೆಡ್‌ಮಾಸ್ಟರು ಒಳ್ಳೆಯವರು. ನನ್ನ ಕ್ಲಾಸುಗಳನ್ನೆಲ್ಲ ಕೆಳಗಿನ ಮಹಡಿಗೆ ಹಾಕಿಕೊಟ್ಟರು, ಯಾವ ಸರ್ಟಿಫಿಕೇಟೂ ಕೇಳಲಿಲ್ಲ. ಸೋಂಕು ಬಂದಾಗ ನನಗೆ ಎಲ್ಲರ ಹಾಗೆ ಉರಿ ಗೊತ್ತಾಗುವುದಿಲ್ಲ. ಕಾಲಿನ ಬಿಗಿತ ಇದ್ದಕ್ಕಿದ್ದ ಹಾಗೆ ಜಾಸ್ತಿಯಾಗುತ್ತದೆ, ಅದೇ ಗುರುತು. ಇದನ್ನೂ ನಾನೇ ಕಂಡುಕೊಂಡದ್ದು.

ಎರಡಕ್ಕೆ ಹೋಗುವುದಕ್ಕೂ ಬೆಳಗ್ಗೆ ಐದಕ್ಕೆ ಎದ್ದು ಮುಕ್ಕಾಲು ಗಂಟೆ ಮೀಸಲು. ಗಂಡ ಹೆಂಡತಿಯ ವಿಷಯವಂತೂ ಈ ಆರು ವರ್ಷದಲ್ಲಿ ಒಬ್ಬ ಡಾಕ್ಟರೂ ಕೇಳಿಲ್ಲ. ನಾನೂ ಹೇಳಿಲ್ಲ. ಇಲ್ಲೂ ಇಷ್ಟೇ.

ನಿಮ್ಮ ಹತ್ತಿರ ಯಾಕೆ ಬಂದೆ ಅಂತ ಹೇಳಿಬಿಡುತ್ತೇನೆ. ಹೆಡ್‌ಮಾಸ್ಟರು ನಿವೃತ್ತರಾದರು. ಹೊಸಬರು ಬಂದರು. "ಮೇಲಿನ ಮಹಡಿಯ ಕ್ಲಾಸು ಬೇಡ ಅನ್ನೋಕೆ ನಿಮಗೆ ಏನಾಗಿದೆ ಮೇಡಂ? ನೋಡೋಕೆ ಚೆನ್ನಾಗೇ ಇದ್ದೀರಲ್ಲ. ನಲವತ್ತು ಪರ್ಸೆಂಟ್ ಸರ್ಟಿಫಿಕೇಟ್ ಇದ್ದರೆ ತನ್ನಿ" ಅಂದರು. ಅದರ ಜೊತೆಗೇ ಲೋಕಸಭಾ ಚುನಾವಣೆಯ ಡ್ಯೂಟಿ ಬಂತು. ನಮ್ಮಲ್ಲಿ ಮತದಾನ 2024ರ ಏಪ್ರಿಲ್ 26ಕ್ಕೆ. ಹಿಂದಿನ ದಿನವೇ ಹೋಗಿ ಯಾವುದೋ ಹಳ್ಳಿಯ ಶಾಲೆಯಲ್ಲಿ ರಾತ್ರಿ ಮಲಗಿ, ಮಾರನೇ ದಿನ ರಾತ್ರಿ ಮಷಿನ್ ಒಪ್ಪಿಸುವ ತನಕ ಏಳುವ ಹಾಗಿಲ್ಲ. ಅಲ್ಲಿ ಟಾಯ್ಲೆಟ್ ಹೇಗಿರುತ್ತದೋ, ನೀರಿರುತ್ತದೋ ಇಲ್ಲವೋ. ಡ್ಯೂಟಿ ಬಿಡಿಸಿ ಅಂತ ಎಂಆರ್‌ಐ ಫೈಲು ಹಿಡಿದುಕೊಂಡು ಹೋದೆ. ಆ ಅಧಿಕಾರಿ ಫೈಲು ತೆರೆಯಲೇ ಇಲ್ಲ. "ಕಾರ್ಡ್ ಇದೆಯಾ?" ಅಂದರು.

ಕಾರ್ಡ್ ಬಂತು, ಬಿಳಿ ಬಣ್ಣದ್ದು. ಯುಡಿಐಡಿಯಲ್ಲಿ, ಅಂದರೆ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಕಾರ್ಡಿನಲ್ಲಿ, 40ಕ್ಕಿಂತ ಕಡಿಮೆ ಇರುವವರಿಗೆ ಬಿಳಿ, 40ರಿಂದ ಮೇಲೆ ಹಳದಿ, 80ರಿಂದ ಮೇಲೆ ನೀಲಿ. ಬಿಳಿ ಕಾರ್ಡಿಗೆ ಇನ್‌ಕಮ್ ಟ್ಯಾಕ್ಸಿನ ವಿನಾಯಿತಿ ಇಲ್ಲ, ಅದು ಬಿಡಿ. ನನಗೆ ಬೇಕಾಗಿದ್ದದ್ದು ಕೆಳಗಿನ ಮಹಡಿಯ ಕ್ಲಾಸು, ಒಂದು ರಾತ್ರಿಯ ವಿನಾಯಿತಿ. ಕಾರ್ಡ್ ನೋಡಿ ಹೊಸ ಹೆಡ್‌ಮಾಸ್ಟರು "35 ಅಂದರೆ ನಾರ್ಮಲ್ ಅಂತಲೇ ಅರ್ಥ ಅಲ್ವಾ" ಅಂದರು. ಕಾರ್ಡ್ ಇಲ್ಲದಾಗ ನಾನು ಕಷ್ಟದಲ್ಲಿರುವ ಹೆಂಗಸಾಗಿದ್ದೆ. ಕಾರ್ಡ್ ಬಂದ ಮೇಲೆ ನೆಪ ಹೇಳುವ ಹೆಂಗಸಾದೆ. ಚುನಾವಣೆಗೆ ಹೋದೆ. ಆ ಒಂದೂವರೆ ದಿನದಲ್ಲಿ ಎರಡೇ ಲೋಟ ನೀರು ಕುಡಿದೆ, ನಾಲ್ಕು ಗಂಟೆಗೊಮ್ಮೆ ಹಾಕಿಕೊಳ್ಳಬೇಕಾದ ನಳಿಕೆಯನ್ನು ಒಟ್ಟು ಮೂರು ಸಲ ಹಾಕಿಕೊಂಡೆ. ಹಸುವಿನ ಕೊಟ್ಟಿಗೆಯ ಪಕ್ಕ, ಒಬ್ಬ ಆಶಾ ಕಾರ್ಯಕರ್ತೆ ಸೀರೆ ಅಡ್ಡ ಹಿಡಿದು ನಿಂತಿದ್ದಳು. ಮರುವಾರ ಜ್ವರ ಬಂದು ಆಸ್ಪತ್ರೆ ಸೇರಿದೆ.

ಕಾನೂನು ಕೆಟ್ಟದ್ದಲ್ಲ, ಇದನ್ನೂ ಹೇಳಬೇಕು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು. ಅದರಲ್ಲಿ 21 ಬಗೆಯ ಅಂಗವಿಕಲತೆ ಹೇಳಿದ್ದಾರೆ. ಬೆನ್ನುಹುರಿಯ ಗಡ್ಡೆ ಅಂತ ಹೆಸರಿಲ್ಲ, ನಮ್ಮನ್ನು ಚಲನೆಯ ತೊಂದರೆ ಇರುವವರ ಗುಂಪಿಗೆ ಸೇರಿಸುತ್ತೀರಿ. ಅಳೆಯುವುದು ಹೇಗೆ ಅಂತ 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು, 2024ರ ಮಾರ್ಚಿನಲ್ಲಿ ಅದನ್ನು ಪರಿಷ್ಕರಿಸಿತು. 2018ರದ್ದನ್ನು ಮಗಳ ಸಹಾಯದಿಂದ ಕೂತು ಓದಿದೆ. ಕಾಲಿನ ತೊಂದರೆ ಅಳೆಯುವಾಗ ಬಲ ಒಂದನ್ನೇ ನೋಡಿ ಅಂತ ಅಲ್ಲಿ ಎಲ್ಲೂ ಇಲ್ಲ. ಇಳಿಜಾರಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಒಂದೇ ಕಾಲಲ್ಲಿ ನಿಲ್ಲುವುದು, ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು, ಇವನ್ನೆಲ್ಲ ಮಾಡಿಸಿ ನೋಡಿ, ಒಂದೊಂದಕ್ಕೂ ಅಂಕ ಹಾಕಿ ಅಂತ ಇದೆ. ನೀವು ನನ್ನನ್ನು ಗೋಡೆ ತನಕ ಕಳಿಸಿದಿರಿ ಅಷ್ಟೇ. ಕುಕ್ಕರುಗಾಲಲ್ಲಿ ಕೂರಿ ಅಂದಿದ್ದರೆ ಹೊಲಿಗೆ ಮಷಿನ್ ನಿಮಗೂ ಕಾಣುತ್ತಿತ್ತು.

ಇನ್ನೊಂದು ವಿಷಯ ಸ್ಕೂಲುಗಳಿಗೆ, ಆಫೀಸುಗಳಿಗೆ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ತಮ್ಮ ಪರವಾಗಿ ಬರೆಯುವವರು ಬೇಕು ಅಂತ ಕೇಳಿದ್ದ ಕೇಸು. ಅವರಿಗೆ 40 ಪರ್ಸೆಂಟ್ ಇಲ್ಲ ಅಂತ ವಾದ ಬಂತು. ಕೋರ್ಟ್ ಒಪ್ಪಲಿಲ್ಲ. ಮೀಸಲಾತಿಗೆ 40 ಬೇಕು, ಆದರೆ ಅನುಕೂಲ ಮಾಡಿಕೊಡುವುದಕ್ಕೆ ಆ ಗೆರೆ ಇಲ್ಲ, ಅದು ಅಂಗವಿಕಲತೆ ಇರುವ ಎಲ್ಲರ ಹಕ್ಕು ಅಂದಿತು. ಅಂದರೆ ಕೆಳಗಿನ ಮಹಡಿಯ ಕ್ಲಾಸು ನನ್ನ ಬಿಳಿ ಕಾರ್ಡಿಗೂ ಸಿಗಬೇಕಾದ್ದೇ. ಆ ತೀರ್ಪಿನ ಪ್ರಿಂಟ್ ತೆಗೆದು ಹೆಡ್‌ಮಾಸ್ಟರ ಮೇಜಿನ ಮೇಲೆ ಇಟ್ಟೆ. ಈಗ ಕ್ಲಾಸು ಕೆಳಗಿದೆ. ಮಾತು ಮಾತ್ರ ಕಡಿಮೆಯಾಗಿದೆ, ಇರಲಿ.

ಆಪರೇಷನ್ ಮಾಡುವ ಡಾಕ್ಟರುಗಳಿಗೂ ಒಂದು ಮಾತಿದೆ, ಅವರೂ ಇದನ್ನು ಓದಬಹುದು. ನನ್ನ ಡಿಸ್ಚಾರ್ಜ್ ಕಾಗದದಲ್ಲಿ "ಮೆಕ್‌ಕಾರ್ಮಿಕ್ ಗ್ರೇಡ್ 2" ಅಂತಿದೆ. ಇಂಥ ಗಡ್ಡೆಯ ಆಪರೇಷನ್ ಆದವರು ಹೇಗಿದ್ದಾರೆ ಅಂತ ಹೇಳುವ ಅಳತೆ ಅದು. ಒಂದರಿಂದ ನಾಲ್ಕು. ಓದಿ ನೋಡಿದರೆ ಅದರಲ್ಲೂ ಮುಖ್ಯವಾಗಿ ನಡಿಗೆಯದ್ದೇ ಲೆಕ್ಕ: ಸರಿಯಾಗಿ ನಡೆದರೆ ಒಂದು, ಕಷ್ಟಪಟ್ಟಾದರೂ ತಾನೇ ನಡೆದರೆ ಎರಡು, ಕೋಲು ಬೇಕಾದರೆ ಮೂರು, ಗಾಲಿಕುರ್ಚಿಯಾದರೆ ನಾಲ್ಕು. ಬೆನ್ನುಹುರಿಯ ಗಡ್ಡೆಯನ್ನು ಮೊಟ್ಟಮೊದಲು ಯಶಸ್ವಿಯಾಗಿ ತೆಗೆದದ್ದು 1887ರಲ್ಲಿ, ಲಂಡನ್ನಿನಲ್ಲಿ, ವಿಕ್ಟರ್ ಹಾರ್ಸ್ಲಿ ಅನ್ನುವ ಸರ್ಜನ್. ರೋಗಿ ಸೈನ್ಯದ ಕ್ಯಾಪ್ಟನ್. ಆಮೇಲೆ ಅವರು ಮತ್ತೆ ನಡೆದಾಡಿದರು ಅಂತ ಎಲ್ಲ ಕಡೆ ಬರೆದಿದ್ದಾರೆ. ರಾತ್ರಿ ಹೊದಿಕೆ ತಾಗಿದಾಗ ಅವರಿಗೆ ಏನಾಗುತ್ತಿತ್ತು ಅಂತ ನಾನು ಓದಿದ ಕಡೆ ಎಲ್ಲೂ ಇರಲಿಲ್ಲ. ನಡೆದರೆ ಮುಗಿಯಿತು ಅನ್ನುವುದು ಅಷ್ಟು ಹಳೆಯ ಅಭ್ಯಾಸ.

ನಮ್ಮ ಪಕ್ಕದ ವೆಲ್ಲೂರಿನಲ್ಲಿ ಡಾಕ್ಟರ್ ಮೇರಿ ವರ್ಗೀಸ್ ಅಂತ ಇದ್ದರು. 1954ರಲ್ಲಿ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ಶುರುವಾದದ್ದು ಅವರಿಂದ. ಬೆಂಗಳೂರಿನ ನಿಮ್ಹಾನ್ಸಿನಲ್ಲೂ ನರದ ತೊಂದರೆ ಇರುವವರ ಪುನರ್ವಸತಿಗೆ ಒಂದು ವಿಭಾಗವೇ ಇದೆ. ಅಂಥದ್ದೊಂದು ಇದೆ ಅಂತ ನನಗೆ ಗೊತ್ತಾದದ್ದು ಆಪರೇಷನ್ ಆಗಿ ಎರಡು ವರ್ಷದ ಮೇಲೆ, ಅದೂ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನಿಂದ. ಸುಧಾರಣೆಯ ಮೊದಲ ವರ್ಷ ಆಗಲೇ ಹೋಗಿತ್ತು. ಡಿಸ್ಚಾರ್ಜ್ ಮಾಡುವಾಗ ಕನ್ನಡದಲ್ಲಿ ಒಂದೇ ಒಂದು ಹಾಳೆ ಕೊಡಿ ಸಾಕು. ಕಾಲು ಉರಿಯಬಹುದು, ಸೆಟೆಯಬಹುದು, ಬಿಸಿನೀರು ಹುಷಾರು, ಸೆಟೆತದ ಮಾತ್ರೆ ತಟಕ್ಕನೆ ನಿಲ್ಲಿಸಬೇಡಿ, ಒಂದಕ್ಕೆ ಹೋದ ಮೇಲೆ ಎಷ್ಟು ಉಳಿಯುತ್ತದೆ ಅಂತ ಸ್ಕ್ಯಾನ್ ಮಾಡಿಸಿ, ಇಂಥ ಕಡೆ ಹೋಗಿ. ಅಷ್ಟು ಬರೆದರೆ ಒಂದು ಪುಟವೂ ತುಂಬುವುದಿಲ್ಲ. ನನಗೆ ಕೊಟ್ಟ ಕಾಗದದಲ್ಲಿ ಇಂಗ್ಲಿಷಿನಲ್ಲಿ "ಕಂಡೀಷನ್ ಇಂಪ್ರೂವ್ಡ್" ಅಂತ ಇತ್ತು.

ವಾಪಸ್ ನಿಮ್ಮ ಹತ್ತಿರ ಬರುತ್ತೇನೆ. ಮರುಪರಿಶೀಲನೆಗೆ ಅರ್ಜಿ ಹಾಕಿದ್ದೇನೆ. ಇಷ್ಟರಲ್ಲೇ ಕರೆಯುತ್ತೀರಿ. ಈ ಸಲ ಬೆಳಗ್ಗೆ ಹತ್ತೂವರೆಗೆ ಕರೆಯಬೇಡಿ, ಅದು ನನ್ನ ದಿನದ ಒಳ್ಳೆಯ ಹೊತ್ತು. ಮಾತ್ರೆ ಕೆಲಸ ಮಾಡುತ್ತಿರುತ್ತದೆ, ಕಾಲು ಮಾತು ಕೇಳುತ್ತದೆ. ಮಧ್ಯಾಹ್ನ ಮೂರರ ಮೇಲೆ ಕರೆಯಿರಿ. ಆರು ಪೀರಿಯಡ್ ಮುಗಿಸಿ ಬರುತ್ತೇನೆ. ಟ್ಯೂಬ್‌ಲೈಟ್ ಆರಿಸಿ ನಿಲ್ಲಿಸಿ ನೋಡಿ, ಹಿಡಿದುಕೊಳ್ಳೋಕೆ ಒಬ್ಬರು ಪಕ್ಕದಲ್ಲಿರಲಿ. ಮೆಟ್ಟಿಲು ಹತ್ತಿಸಿ. ಹತ್ತುವುದಕ್ಕಿಂತ ಇಳಿಸಿ ನೋಡಿ, ನಿಜ ಗೊತ್ತಾಗುವುದು ಆಗಲೇ. ಒಂದಕ್ಕೆ ಹೇಗೆ ಹೋಗುತ್ತೀರಿ ಅಂತ ಕೇಳಿ. ಕೇಳುವಾಗ ಬಾಗಿಲು ಹಾಕಿ. ಪೌಚ್ ತಂದಿರುತ್ತೇನೆ, ಸ್ಕ್ಯಾನ್ ರಿಪೋರ್ಟೂ ತರುತ್ತೇನೆ. ಇಷ್ಟೆಲ್ಲ ನೋಡಿದ ಮೇಲೂ 35 ಅಂತಲೇ ನಿಮಗೆ ಅನಿಸಿದರೆ ಹಾಕಿ. ಸ್ಟೆಪ್ಸ್ ನೋಡಿ ಹಾಕಿದ ಅಂಕದ ಬಗ್ಗೆ ನಾನು ಯಾವತ್ತೂ ಜಗಳ ಆಡಿದವಳಲ್ಲ.

ಹೊರಗೆ ಕಾಯುವವರಿಗೆ ನಾಲ್ಕು ಬೆಂಚು ಹಾಕಿಸೋಕಾದರೆ ಹಾಕಿಸಿ. ಆ ಮಗುವನ್ನು ಎತ್ತಿಕೊಂಡಿದ್ದ ತಾಯಿ ಇನ್ನೂ ಕಣ್ಣ ಮುಂದೆ ಇದ್ದಾಳೆ.

ಕೊನೆಗೆ ಒಂದು ಚಿಕ್ಕ ವಿಷಯ. ಅವತ್ತು ನಾನು ಮೆಟ್ಟಿಕೊಂಡು ಬಂದ ಚಪ್ಪಲಿ ಯಾರದೋ ಗೊತ್ತಿಲ್ಲ, ಅವರು ಮನೆಗೆ ಹೇಗೆ ಹೋದರೋ. ತೊಳೆದು ಕವರಿನಲ್ಲಿ ಹಾಕಿಟ್ಟಿದ್ದೇನೆ, ಬರುವಾಗ ತರುತ್ತೇನೆ. ನನ್ನದು ಕಂದು ಬಣ್ಣ, ಆರನೇ ನಂಬರು, ಎಡಗಾಲಿನದ್ದು ಮುಂದುಗಡೆ ಸವೆದಿದೆ. ನಿಮ್ಮ ಬಾಗಿಲ ಹತ್ತಿರ ಇನ್ನೂ ಬಿದ್ದಿದ್ದರೆ ಎತ್ತಿಡಿಸಿ.

ಇಂತಿ,
ಒಬ್ಬಳು ಗಣಿತದ ಟೀಚರು